ನೌಕೆಯ ಬಾಗಿಲು ಯಾರು ಮುಚ್ಚಿದರು?

ಕುಕ್ಕರ್ ರಿಪೇರಿಯವರ ಬಲಗಿವಿಯ ಅಂಚಿನಲ್ಲಿ ಹುಣಸೆಬೀಜದಷ್ಟು ಸುಟ್ಟ ಕಲೆಯಿತ್ತು. ರಿಪೇರಿಗೆ ಬಂದ ಪ್ರತಿ ಕುಕ್ಕರನ್ನೂ ಒಲೆಗಿಟ್ಟು, ಆವಿ ಎಲ್ಲಿ ಸೋರುತ್ತದೆಂದು ಕಿವಿಗೊಟ್ಟು ಕೇಳುತ್ತಿದ್ದರು. ನಂಜನಗೂಡು ಪೇಟೆಯಲ್ಲಿ ಅಂಥ ಅನುಮಾನದ ಪ್ರಾಣಿ ಇನ್ನೊಬ್ಬರಿರಲಿಲ್ಲ. ಶಾಲೆಗಳಲ್ಲಿ ಬಿಸಿಯೂಟ ಶುರುವಾದ ಹೊಸತು. ವಿಜ್ಞಾನದ ಮೇಷ್ಟ್ರಾದ ನನಗೇ ಅದರ ಉಸ್ತುವಾರಿ. ನಮ್ಮ ದೊಡ್ಡ ಕುಕ್ಕರ್ ಅವರ ಕೈಗೆ ಹೋದರೆ ಎರಡು ದಿನ ಮರೆತುಬಿಡಬೇಕಿತ್ತು. ಬೇಕೆಂದೇ ಸತಾಯಿಸುತ್ತಾರೆಂದು ನನಗೆ ಗುಮಾನಿ.

ಒಮ್ಮೆ ರೇಗಿ ಹೋಯಿತು. "ರಷ್ಯದವರು ಮೊಟ್ಟಮೊದಲ ಸಲ ಮನುಷ್ಯನನ್ನ ಗುಂಡನೆಯ ನೌಕೇಲಿ ಕೂರಿಸಿ ಬಾಹ್ಯಾಕಾಶಕ್ಕೇ ಕಳಿಸಿದ್ರು ಕಣ್ರೀ! ನಿಮಗೊಂದು ಕುಕ್ಕರ್ ನಂಬೋಕಾಗಲ್ವಾ?"

"ಬಾಗ್ಲು ಯಾರ್ ಮುಚ್ಚುದ್ರು ಸಾ?"

ನನಗೆ ಗೊತ್ತಿರಲಿಲ್ಲ. ಮೈಸೂರಿನ ಲೈಬ್ರರಿಯಲ್ಲಿ ಹುಡುಕಿ ಬಂದು ಹೇಳಿದೆ. ಬಾಗಿಲು ಸರಿಯಾಗಿ ಕೂತಿದೆ ಎನ್ನುವ ಸೂಚನೆ ಅಂದು ಬರಲಿಲ್ಲವಂತೆ. ಹಾರಲು ಸಜ್ಜಾದ ರಾಕೆಟ್ಟಿನ ತುದಿಯಲ್ಲಿ, ಆತ ಒಳಗೆ ಕೂತಿರುವಾಗಲೇ, ಅಷ್ಟೂ ಬೋಲ್ಟು ಬಿಚ್ಚಿ ಮತ್ತೆ ಬಿಗಿದರಂತೆ.

"ಲೇಟ್ ಮಾಡ್ದ ಅಂತ ಬೋಲ್ಟ್ ಬಿಗ್ದೋನ್ನ ಬೈದ್ರಾ?"

"ಬೈದಿರಲಾರರು."

"ಅವ್ರೇ ವಾಸಿ," ಎಂದು ನನ್ನನ್ನೇ ದುರುಗುಟ್ಟಿದರು.

ಆದರೂ ನನಗೆ ಬುದ್ಧಿ ಬರಲಿಲ್ಲ. ಮುಂದಿನ ಸಲ ಯಾರಿಗೂ ಹೇಳದೆ ಕುಕ್ಕರನ್ನು ಟಿ. ನರಸೀಪುರಕ್ಕೆ ಒಯ್ದು, ಅರ್ಧ ಗಂಟೆಯಲ್ಲಿ ರಿಪೇರಿ ಮಾಡಿಸಿ ತಂದೆ. ತಿರುಗಿಸಿ ಕೂಡ ನೋಡಲಿಲ್ಲ.

ಒಂದು ದಿನ ಅನ್ನ ಬೇಯುತ್ತಿರುವಾಗ ಅವರು ಸೈಕಲ್ಲಿನಲ್ಲಿ ಬಂದರು. "ಗ್ಯಾಸ್ಕೆಟ್ ಬದ್ಲಾಯ್ಸೋ ಟೈಮಾದ್ರೂ ಕುಕ್ಕರ್ ಬರ್ನಿಲ್ವಲ್ಲ ಸಾ, ಅನ್ಮಾನ ಬಂತು."

ಮುಚ್ಚಳದತ್ತ ಬಗ್ಗಿದವರೇ ಬೆಚ್ಚಿ ಒಲೆ ಆರಿಸಿದರು. ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಮಕ್ಕಳನ್ನು ಗದರಿಸಿ ಬಯಲಿಗಟ್ಟಿದರು. ವಿಸಿಲ್ಲಿನ ತೂತಿಗೆ ಅಗುಳು ಕಟ್ಟಿಕೊಂಡಿತ್ತು. ಸೇಫ್ಟಿ ವಾಲ್ವ್ ಇರಬೇಕಾದ ಕಡೆ ಬೋಲ್ಟು! ಆವಿಗೆ ದಾರಿಯೇ ಇಲ್ಲ. ಇನ್ನೊಂದು ಚೂರು ತಡವಾಗಿದ್ದರೆ ಕುಕ್ಕರೇ ಸಿಡಿಯುತ್ತಿತ್ತು.

ಹೆಡ್‌ಮೇಷ್ಟ್ರು ಓಡಿಬಂದು ಗುಡುಗಿದರು. "ಯಾರ್ರೀ ಹಾಕಿದ್ದು ಈ ಬೋಲ್ಟು?"

ರಿಪೇರಿಯವರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

"ನಾನೇ ಸಾ," ಅಂದರು.

ಇನ್ನು ಶಾಲೆಯತ್ತ ತಲೆ ಹಾಕಬೇಡ ಎಂದು ಹೆಡ್‌ಮೇಷ್ಟ್ರು ಬೈದು ಕಳಿಸಿದರು. ಸುದ್ದಿ ಪೇಟೆಗೆಲ್ಲ ಹಬ್ಬಿ ಅವರ ಅಂಗಡಿಗೆ ಕುಕ್ಕರ್ ಬರುವುದೇ ನಿಂತಿತು. ಯಾಕೆ ಹಾಗೆ ಹೇಳಿದಿರಿ ಎಂದು ಹೋಗಿ ಕೇಳಿದೆ.

"ನಾಳೆ ಮಕ್ಳು ನಿಮ್ಮ್ ಪಾಠ ನಂಬ್ಬೇಡ್ವಾ ಸಾ?"

ಆಗಲಾದರೂ ಹೋಗಿ ಹೆಡ್‌ಮೇಷ್ಟ್ರಿಗೆ ನಿಜ ಹೇಳಬಹುದಿತ್ತು. ಹೇಡಿ ನಾನು, ಹೇಳಲಿಲ್ಲ. ಅಂಗಡಿ ಮುಚ್ಚಿದ ಎರಡನೇ ವರ್ಷ ಅವರು ತೀರಿಕೊಂಡರು. ಮಣ್ಣಿಗೆ ಹೋದಾಗಲೂ ಜನ ಆ ಬೋಲ್ಟಿನ ಮಾತನ್ನೇ ಆಡುತ್ತಿದ್ದರು. ಅದನ್ನು ಹಾಕಿಸಿಕೊಂಡು ಬಂದವನು ನಾನು.