ಹಿಂದಿನ ಬೆಂಚಿನ ಬೊಂಬೆ

...ಇಲ್ಲ, ಅಕ್ಕ ನಕ್ಕಿರಲಾರರು. ಆ ನಗುವನ್ನು ಆಮೇಲೆ ನಾನೇ ಅವರ ಮುಖಕ್ಕೆ ಅಂಟಿಸಿರಬೇಕು. ಈ ನೆನಪನ್ನು ಎಷ್ಟು ಸಲ ತಿದ್ದಿದ್ದೇನೋ. ಮೊನ್ನೆ ತುಮಕೂರಿನ ಶಿಕ್ಷಕರ ತರಬೇತಿಯಲ್ಲಿ ವಿ.ಆರ್. ಕನ್ನಡಕ ಹಾಕಿಕೊಂಡಾಗ ಅದರ ಸ್ಪಂಜಿನಿಂದ ಯಾರದೋ ತಲೆಯ ಕೊಬ್ಬರಿ ಎಣ್ಣೆಯ ವಾಸನೆ ಬಂತು. ಚೇಳೂರು ಶಾಲೆಯ ಹಿರಿಯ ಶಿಕ್ಷಕಿ, ನಾನು ಅಕ್ಕ ಎನ್ನುತ್ತಿದ್ದವರು, ನೆನಪಾದರು.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಇಂಥದ್ದೇ ತರಬೇತಿಯಲ್ಲಿ ಅವರು ನನ್ನ ಜೋಡಿ. ಕನ್ನಡಕ ಹಾಕಿಕೊಂಡರೆ ಕಣ್ಣೆದುರು ಕಂಪ್ಯೂಟರ್ ಕಟ್ಟಿದ ಬೊಂಬೆ ತರಗತಿ. ಒಬ್ಬರು ಪಾಠ ಮಾಡಬೇಕು, ಉಳಿದ ಶಿಕ್ಷಕರು ಮಕ್ಕಳ ಬೊಂಬೆಗಳಾಗಿ ಕೂರಬೇಕು. ಬೊಂಬೆ ಏನು ಕೇಳಬೇಕೆಂದು ಜೋಡಿಯವರು ಮೊದಲೇ ಮಾತಾಡಿಕೊಳ್ಳುವುದು ನಮ್ಮೊಳಗಿನ ರೂಢಿ.

‘ಪ’ ಬಂದರೆ ನನ್ನ ನಾಲಿಗೆ ತಡೆಯುತ್ತಿತ್ತು. ಕುಣಿಗಲ್ಲಿನ ನನ್ನ ಶಾಲೆಯಲ್ಲಿ ಆ ಅಕ್ಷರವಿರುವ ಮಾತುಗಳನ್ನೇ ತಪ್ಪಿಸಿಕೊಂಡು ಓಡಾಡುತ್ತಿದ್ದೆ. ಹೇಳಿಕೊಂಡಿದ್ದು ಅಕ್ಕ ಒಬ್ಬರಿಗೇ.

“ಒಳಗೆ ನಿನ್ ಮುಖ ಯಾರ್ಗೆ ಕಾಣ್ಸುತ್ತೆ? ಎಲ್ರೂ ಬೊಂಬೆಗಳೇ. ಮಾತಾಡು ಕಣೇ,” ಅಂದಿದ್ದರು.

ಮಾತಾಡಿದೆ. ಎಲೆಯ ಹಸಿರಿಗೆ ಪುಸ್ತಕದಲ್ಲಿರುವ ‘ಪತ್ರಹರಿತ್ತು’ ಎಂಬ ಹೆಸರೂ ಒಂದು ದಿನ ಸಲೀಸಾಗಿ ಬಂತು.

ಕೊನೆಯ ದಿನ ಅಧಿಕಾರಿಗಳು ಬಂದಿದ್ದರು. ನನ್ನ ಪಾಠ ದೊಡ್ಡ ಪರದೆಯ ಮೇಲೆ. ಅಕ್ಕ ಹಿಂದಿನ ಬೆಂಚಿನ ಹುಡುಗ. ಎಲೆ ಯಾಕೆ ಹಸಿರು ಎಂದು ಕೇಳಬೇಕಿತ್ತು. ಬೊಂಬೆ ಎದ್ದು ನಿಂತಿತು.

“ಪ... ಪ... ಪ... ಪತ್ರಹರಿತ್ತು ಅಂದ್ರೇನು ಮಿಸ್?”

ಸಭೆ ಗೊಳ್ಳೆಂದಿತು. ಕನ್ನಡಕ ಕಿತ್ತು ಕೆಳಗಿಟ್ಟೆ.

ಬೊಂಬೆ ತೊದಲಿದ್ದಕ್ಕೆ ನೆಟ್ ಸಿಕ್ಕಾಕ್ಕೊಳ್ತು ಎಂದು ಯಾರೋ ತೇಲಿಸಿದರು. ಸಂಜೆ ಶಿರಾ ಗೇಟಿನ ಟೀ ಅಂಗಡಿಯಲ್ಲಿ ಅಕ್ಕನೇ ಬಾಯಿಬಿಟ್ಟರು.

“ನಿಜ್ವಾದ್ ಹುಡ್ಗ ಅಣಕಿಸ್ದೆ ಬುಡ್ತಾನೇನೇ? ಒಳ್ಗೇ ಒಂದ್ಸಲ ತಡ್ಕೊಂಡ್ರೆ ಹೊರ್ಗೆ ಹೆದ್ರಲ್ಲ ಅಂದ್ಕೊಂಡೆ.”

“ಅಷ್ಟ್ ಜನದ್ ಮುಂದೇನಾ ಅಕ್ಕ?”

ಅವರು ಲೋಟದೊಳಗೆ ನೋಡಿದರು. ಅಥವಾ ರಸ್ತೆಯ ಕಡೆಗೆ... ನಾನು ನಂಬಿ ಹೇಳಿದ ಗುಟ್ಟನ್ನು ಅವರು ಪರದೆಗೆ ಹಾಕಿದ್ದರು. ಮತ್ತೆ ಅವರ ಫೋನ್ ಎತ್ತಲಿಲ್ಲ. ಹೋದ ವರ್ಷ ಶಿಕ್ಷಕರ ವಾಟ್ಸಾಪ್ ಗುಂಪಿನಲ್ಲಿ ಅವರ ಫೋಟೊ ಬಂತು, ಹಾರ ಹಾಕಿದ್ದು.

‘ಪ’ ಈಗಲೂ ತಡೆಯುತ್ತದೆ. ಮಕ್ಕಳು ಅಣಕಿಸುತ್ತಾರೆ, ತಡೆದುಕೊಳ್ಳುತ್ತೇನೆ. ಅದನ್ನು ಅಕ್ಕ ಕಲಿಸಿದ್ದೆಂದು ಒಪ್ಪಲು ಮನಸ್ಸಿಲ್ಲ. ಅವತ್ತು ಕನ್ನಡಕ ಕಿತ್ತು ಮೊದಲು ನೋಡಿದ್ದು ಅವರನ್ನೇ. ಅವರಿನ್ನೂ ತಮ್ಮದನ್ನು ತೆಗೆದಿರಲಿಲ್ಲ. ಅವರ ಕಣ್ಣು ನನಗೆ ಕಾಣುತ್ತಿರಲಿಲ್ಲ, ತುಟಿ ಮಾತ್ರ ಅಗಲವಾಗಿತ್ತು. ನಗುವೋ, ಅಳು ತಡೆದದ್ದೋ... ನನಗೆ ಗೊತ್ತಿಲ್ಲ.