ಆರೈಕೆಯ ಇನ್ಸ್‌ಪೆಕ್ಟರ್

ನನ್ನ ಗೆಳೆಯ ಇನ್ಸ್‌ಪೆಕ್ಟರ್ ಸೋಮವಾರ ತೀರಿಕೊಂಡ. ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವವರ ಕೆಲಸ ನೆಟ್ಟಗಿದೆಯೇ ಎಂದು ಪರೀಕ್ಷಿಸುವುದು ಅವನ ಉದ್ಯೋಗ. ರೋಗಿಯನ್ನು ಕುರ್ಚಿಗೆ ಕಳಿಸಿ, ತಾನೇ ಹಾಸಿಗೆಯಲ್ಲಿ ಮೈಚೆಲ್ಲಿ, ಆರೈಕೆಯವಳಿಗೆ "ಎಲ್ಲಿ, ನನ್ನ ಮಗ್ಗುಲು ಬದಲಿಸಮ್ಮಾ. ಮೆತ್ತಗೆ! ನಾನೇನು ಸಿಮೆಂಟ್ ಮೂಟೆನಾ?" ಎನ್ನುತ್ತಿದ್ದ. ಬಚ್ಚಲಿನ ನೆಲದ ಮೇಲೆ ಕಾಲುಚೀಲ ಹಾಕಿಕೊಂಡು ನಡೆದು ನೋಡುತ್ತಿದ್ದ. ಜಾರದಿದ್ದರೆ ಅವನ ಮುಖ ಸಪ್ಪಗಾಗುತ್ತಿತ್ತು. ತಾನೇ ಕಾಯಿಲೆ ಬಿದ್ದಮೇಲೂ, ನೋಡಿಕೊಳ್ಳಲು ಬಂದವಳ ತಪ್ಪುಗಳನ್ನು ಮಲಗಿದಲ್ಲಿಂದಲೇ ಅವಳ ಆಫೀಸಿಗೆ ಫೋನ್ ಮಾಡಿ ಹೇಳುತ್ತಿದ್ದ. "ನನ್ನನ್ನ ಕೆಲಸದಿಂದ ತೆಗೆದ್ರೆ ನಿಮ್ಮನ್ನ ಎತ್ತೋರ್ಯಾರು ಸಾರ್?" "ಅದು ಬೇರೆ ವಿಷಯ ತಾಯಿ. ಮೊದಲು ದಿಂಬು ಸರಿ ಮಾಡು." ಕೊನೆಯ ಮಧ್ಯಾಹ್ನ ಅವನನ್ನು ಎತ್ತಿ ಮಲಗಿಸಿದ ಆಕೆ ಸೊಂಟ ಹಿಡಿದುಕೊಂಡು ಗೋಡೆಗೊರಗಿದಳು. ಆರೈಕೆಯವರು ರೋಗಿಯ ಹಾಸಿಗೆಯ ಮೇಲೆ ಕೂರಕೂಡದೆಂಬ ನಿಯಮ ಮಾಡಿದವನು ಅವನೇ. ಅವನು ಕಷ್ಟಪಟ್ಟು ಕಾಲು ಮಡಚಿಕೊಂಡು, ಅವಳು ಕೂರುವಷ್ಟು ಜಾಗ ಮಾಡಿದ.