ಸಭಾಧ್ಯಕ್ಷರ ಎಡಗಡೆಯ ಬಾಗಿಲು

ಮನುಷ್ಯ ಕಟ್ಟಿಕೊಂಡ ಸಂಸ್ಥೆಗಳಲ್ಲೆಲ್ಲ ಚುನಾಯಿತ ಸಭೆಯೇ ಶ್ರೇಷ್ಠವಾದದ್ದು ಎಂದು ಬಲ್ಲವರು ಹೇಳುತ್ತಾರೆ. ಆ ಬಲ್ಲವರಲ್ಲಿ ಯಾರೂ ರಾಜಧಾನಿಯ ಪೀತಮ್‌ಪುರಾದ ನಮ್ಮ ಹೌಸಿಂಗ್ ಸೊಸೈಟಿಯ ಜನರಲ್ ಬಾಡಿ ಮೀಟಿಂಗಿಗೆ ಬಂದವರಲ್ಲ. ಬಂದೂ ಹಾಗೆ ನಂಬಿದ್ದವರು ವಾಸುದೇವರಾಯರೊಬ್ಬರೇ.

ರಾಯರು ಯಾರನ್ನೂ ನೇರವಾಗಿ ಮಾತಾಡಿಸುತ್ತಿರಲಿಲ್ಲ. ಸಭೆಯಲ್ಲಿ ಸದಸ್ಯನು ಇನ್ನೊಬ್ಬ ಸದಸ್ಯನೊಡನೆ ಮಾತಿಗಿಳಿಯಕೂಡದು, ಹೇಳುವುದೇನಿದ್ದರೂ ಅಧ್ಯಕ್ಷಪೀಠದ ಮೂಲಕ ಹೇಳಬೇಕು ಎಂಬುದು ನಿಯಮ. ಇಬ್ಬರಿಗಿಂತ ಹೆಚ್ಚು ಜನ ಒಂದೆಡೆ ಕೂತರೆ ರಾಯರ ಪಾಲಿಗೆ ಅದು ಸಭೆ. ಹೀಗಾಗಿ ಅವರ ಮನೆಗೆ ಊಟಕ್ಕೆ ಹೋದಾಗಲೆಲ್ಲ ನಾನು, ಯಾರ ಓಟೂ ಇಲ್ಲದೆ, ಸಭಾಧ್ಯಕ್ಷನಾಗಿಬಿಡುತ್ತಿದ್ದೆ. ಹೆಂಡತಿಗೆ ಹೇಳಬೇಕಾದದ್ದನ್ನು ಅವರು ನನ್ನ ಮುಖ ನೋಡಿಕೊಂಡು ಹೇಳುತ್ತಿದ್ದರು.

“ಸಭಾಧ್ಯಕ್ಷರೇ, ಈ ದಿನದ ಹುಳಿಯಲ್ಲಿ ಉಪ್ಪಿನ ಕೊರತೆ ಇರುವುದನ್ನು ತಮ್ಮ ಮೂಲಕ ಮಾನ್ಯ ಸದಸ್ಯೆಯವರ ಗಮನಕ್ಕೆ ತರಬಯಸುತ್ತೇನೆ.”

ಜಾನಕಮ್ಮನವರು ಒಲೆ ಕಡೆಯಿಂದ ತಿರುಗುತ್ತಲೂ ಇರಲಿಲ್ಲ. “ಸಭಾಧ್ಯಕ್ಷರೇ, ಡಾಕ್ಟರು ಹೇಳಿದ್ದು ಇವರಿಗೆ ಮರೆತುಹೋಗಿದೆ ಅಂತ ಹೇಳಿ. ಬಿ.ಪಿ. ಮಾತ್ರೆ ಕಿಟಕಿ ಹತ್ರ ಇದೆ ಅಂತಲೂ ಹೇಳಿ.”

ನಾನು ಎರಡೂ ಪಕ್ಷಗಳ ವಾದ ಕೇಳಿಸಿಕೊಂಡು ಅನ್ನಕ್ಕೆ ಮಜ್ಜಿಗೆ ಹಾಕಿಸಿಕೊಳ್ಳುತ್ತಿದ್ದೆ. ಅಧ್ಯಕ್ಷಪೀಠಕ್ಕೆ ಅಷ್ಟೇ ಅಧಿಕಾರ.

ರಾಯರು ತುಮಕೂರಿನ ಕಡೆಯ ಜನ. ಸಂಸತ್ತಿನ ವರದಿಗಾರರ ವಿಭಾಗದಲ್ಲಿ ಶೀಘ್ರಲಿಪಿಕಾರರಾಗಿ ಸೇರಿ, ದೇಶದ ದೊಡ್ಡವರು ಒಬ್ಬರಿಗೊಬ್ಬರು ಅಂದದ್ದು ಆಡಿದ್ದನ್ನೆಲ್ಲ ಬರೆದುಕೊಂಡು, ಲೋಧಿ ಕಾಲೋನಿಯ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಸಂಸಾರ ನಡೆಸಿ, ನಿವೃತ್ತರಾದ ಮೇಲೆ ನಮ್ಮ ಮೇಲಿನ ಮಹಡಿಯ ಫ್ಲ್ಯಾಟಿಗೆ ಬಂದಿದ್ದರು. ಎತ್ತರದ ಆಳು, ಸಣ್ಣ ಕಂಠ. ದೀಪಾವಳಿಗೆ ಕೊರಳಿಗೇರಿದ ಮಫ್ಲರು ಹೋಳಿ ಹಬ್ಬಕ್ಕೆ ಇಳಿಯುತ್ತಿತ್ತು. ಕೂತು ಮಾತಾಡುವುದು ಅವರಿಗೆ ಬರುತ್ತಲೇ ಇರಲಿಲ್ಲ. ತರಕಾರಿ ಗಾಡಿಯ ಭಯ್ಯಾನೊಡನೆ ಟೊಮೇಟೊ ಬಗ್ಗೆ ಚೌಕಾಸಿ ಮಾಡುವಾಗಲೂ ಕೋಟಿನ ಗುಂಡಿ ಹಾಕಿಕೊಂಡು, ಒಂದು ಕೈ ಬೆನ್ನ ಹಿಂದಿಟ್ಟು ನಿಲ್ಲುತ್ತಿದ್ದರು. ಭಯ್ಯಾ ಪಾಪ ತಾನೂ ನೆಟ್ಟಗೆ ನಿಲ್ಲುತ್ತಿದ್ದ.

ಆದರೆ ತಾವು ಕೆಲಸ ಮಾಡಿದ ಸಭೆಯ ಮೇಲೆ ಅವರಿಗೆ ಅಂಥ ಅಭಿಮಾನವೇನೂ ಇರಲಿಲ್ಲ. ಅವರ ಮನಸ್ಸಿದ್ದದ್ದು ಅದರ ಹಿಂದಿನದರ ಮೇಲೆ, ಬ್ರಿಟಿಷರ ಕಾಲದ ಕೇಂದ್ರ ಶಾಸನಸಭೆಯ ಮೇಲೆ. ಅದು ಮುಚ್ಚಿದಾಗ ರಾಯರು ಹುಟ್ಟಿರಲೂ ಇಲ್ಲ, ಆದರೂ ಅದನ್ನು ‘ನಮ್ಮ ಸಭೆ’ ಎನ್ನುತ್ತಿದ್ದರು. ಆಗಿನ ಎರಡು ಮನೆಗಳಲ್ಲಿ ಅದು ಕೆಳಮನೆ. ಆಸ್ತಿ ಇದ್ದವರು, ತೆರಿಗೆ ಕಟ್ಟುವವರು ಮಾತ್ರ ಓಟು ಹಾಕಿ ಕಳಿಸಿದ ಸದಸ್ಯರು ಹೆಚ್ಚು, ಸರ್ಕಾರವೇ ಕೂರಿಸಿದವರು ಉಳಿದಷ್ಟು. ಮಾತಾಡುವ ಸ್ವಾತಂತ್ರ್ಯ ಉಂಟು, ಪ್ರಶ್ನೆ ಕೇಳಬಹುದು, ಸರ್ಕಾರದ ಮಸೂದೆಯನ್ನು ಸೋಲಿಸಲೂಬಹುದು. ಸೋಲಿಸಿದ ಮೇಲೆ ವೈಸರಾಯರು, ಇದು ದೇಶದ ಹಿತಕ್ಕೆ ಅವಶ್ಯ ಎಂದು ಪ್ರಮಾಣಪತ್ರ ಬರೆದು ಸಹಿ ಹಾಕಿದರೆ ಸೋತ ಮಸೂದೆಯೇ ಕಾನೂನಾಗುತ್ತಿತ್ತು. ಉಪ್ಪಿನ ತೆರಿಗೆ ಇಮ್ಮಡಿ ಮಾಡಬೇಡಿ ಎಂದು ಸಭೆ ಹೇಳಿತು, ವೈಸರಾಯರು ಸಹಿ ಹಾಕಿದರು, ಉಪ್ಪು ದುಬಾರಿಯಾಯಿತು. ರಾಯರು ಇದನ್ನು ಹೇಳುವಾಗ ಜಾನಕಮ್ಮನವರ ಕಡೆ ಒಮ್ಮೆ ನೋಡುತ್ತಿದ್ದರು.

ಈ ಸಭೆಯ ಸಂಪೂರ್ಣ ಚರಿತ್ರೆಯನ್ನು ಕನ್ನಡದಲ್ಲಿ ಬರೆಯುವುದು ಅವರ ನಿವೃತ್ತ ಜೀವನದ ಏಕೈಕ ಕಾರ್ಯಕ್ರಮ. ಯಾರಿಗೆ ಬೇಕು ಎಂದು ನಾನು ಒಮ್ಮೆ ಕೇಳಿದ್ದೆ. ನಾವಿಬ್ಬರೇ ಇದ್ದದ್ದರಿಂದ ಉತ್ತರ ನನಗೇ ಬಂತು.

“ಯಾರಿಗೂ ಬೇಡ ಸ್ವಾಮಿ. ಎಲ್ಲರೂ ಕೇಳೋದು ಗ್ಯಾಲರಿಯಿಂದ ಬಾಂಬ್ ಬಿದ್ದ ಒಂದು ದಿನದ ಕಥೆ. ಮಿಕ್ಕ ದಿನಗಳಲ್ಲೆಲ್ಲ ಅಲ್ಲಿ ಮಾತು ಬಿದ್ದಿದೆ. ಅದನ್ನ ಯಾರೂ ಎತ್ತಿಕೊಳ್ಳಲಿಲ್ಲ. ಗೆದ್ದರೂ ಸೋಲ್ತೀವಿ ಅಂತ ಗೊತ್ತಿದ್ದು, ಹಿಂದಿನ ರಾತ್ರಿ ಕೂತು ಓದಿ, ತಯಾರಾಗಿ ಬಂದು ಮಾತಾಡ್ತಿದ್ದರಲ್ಲ, ಅವರು ಎಂಥಾ ಜನ ಇರಬೇಕು.”

ಬರೆಯುವುದಕ್ಕೆ ಜಾಗ ಬೇಕಿತ್ತು. ಘಾಜಿಯಾಬಾದಿನ ಬಾಡಿಗೆ ಮನೆ ಬಿಟ್ಟು ಮಗಳು, ಅಳಿಯ, ಇಬ್ಬರು ಮೊಮ್ಮಕ್ಕಳು ಬಂದು ಸೇರಿದ ಮೇಲೆ ಅವರ ಫ್ಲ್ಯಾಟಿನಲ್ಲಿ ಪುಸ್ತಕವಿರಲಿ, ಕಾಲು ಚಾಚುವುದಕ್ಕೂ ಅನುಮತಿ ಬೇಕಾಗಿತ್ತು. ಸೊಸೈಟಿಯ ನೆಲಮಹಡಿಯಲ್ಲಿ ವಾಚನಾಲಯ ಎಂದು ಬೋರ್ಡು ಹಾಕಿದ ಒಂದು ಕೋಣೆಯಿತ್ತು. ಹಿಂದಿ ಪತ್ರಿಕೆ ಓದುವ ಇಬ್ಬರು ಮುದುಕರು ತೀರಿಕೊಂಡ ಮೇಲೆ ಅಲ್ಲಿಗೆ ಯಾರೂ ಹೋಗುತ್ತಿರಲಿಲ್ಲ. ರಾಯರು ಅಲ್ಲಿ ತಮ್ಮ ಹಳೆಯ ಪುಸ್ತಕಗಳನ್ನು, ಗ್ರಂಥಾಲಯಗಳಲ್ಲಿ ವರ್ಷಗಟ್ಟಲೆ ಕೂತು ಮಾಡಿಕೊಂಡ ನಕಲುಗಳನ್ನು ಜೋಡಿಸಿ, ಮೂಲೆಯ ಮೇಜಿನಲ್ಲಿ ಚರಿತ್ರೆಯನ್ನು ಪ್ರಾರಂಭಿಸಿದರು. ಹಗಲೆಲ್ಲ ಬರೆಯುತ್ತಿದ್ದರು. ಬರುವವರ ನೀರಿನ ಬಿಲ್ಲಿನ ತಕರಾರಿಗೆ, ಪಿಂಚಣಿ ಅರ್ಜಿಗೆ ಇಂಗ್ಲಿಷ್ ಬರೆದುಕೊಡುತ್ತಿದ್ದರು. ನಮ್ಮ ಬ್ಲಾಕಿನಲ್ಲಿ ಅವರ ಉಪಕಾರ ಮುಟ್ಟದ ಮನೆ ಇರಲಿಲ್ಲ.

ಇಲ್ಲಿ ನಮ್ಮ ಸೊಸೈಟಿಯ ರಾಜ್ಯಾಂಗವನ್ನು ಸ್ವಲ್ಪ ವಿವರಿಸಬೇಕು. ಚುನಾಯಿತ ಕಮಿಟಿಯವರು ಒಬ್ಬರ ಮೇಲೊಬ್ಬರು ಕೇಸು ಹಾಕಿಕೊಂಡದ್ದರಿಂದ ಸಹಕಾರ ಇಲಾಖೆ ಒಬ್ಬ ಆಡಳಿತಾಧಿಕಾರಿಯನ್ನು ನೇಮಿಸಿತ್ತು. ಮೆಲ್ಲಗೆ ಮಾತಾಡುವ, ಸದಾ ಬೇಸರದಲ್ಲಿರುವ, ಕೆಟ್ಟವನಲ್ಲದ ಮನುಷ್ಯ. ನಾವು ಸಭೆ ಸೇರಿ ಠರಾವು ಮಾಡಬಹುದು, ಅದನ್ನು ಒಪ್ಪುವುದು ಬಿಡುವುದು ಅವರ ಇಷ್ಟ. ಹಿಂದಿನ ಗೇಟು ಮುಚ್ಚಬಾರದೆಂದು ನಾವು ಒಂದೇ ದನಿಯಲ್ಲಿ ಠರಾವು ಮಾಡಿದ ಮರುವಾರ ಗೇಟಿಗೆ ಬೀಗ ಬಿತ್ತು. ಸೊಸೈಟಿಯೆಲ್ಲ ಸಿಟ್ಟಾಯಿತು. ರಾಯರು ಮಾತ್ರ ಹಬ್ಬದ ಕಳೆಯಲ್ಲಿ ನನ್ನ ಬಾಗಿಲು ತಟ್ಟಿದರು.

“ನೋಡಿದ್ರಾ ಸ್ವಾಮಿ? ಪ್ರಮಾಣಪತ್ರ ಹೊರಡಿಸಿದ್ದಾನೆ. ಥೇಟ್ ವೈಸರಾಯ್.”

ಹಾಲು ತರಲು ಹೋಗುವವರು ಇನ್ನು ಸೊಸೈಟಿಯನ್ನು ಸುತ್ತಿಬರಬೇಕಲ್ಲ ಎಂದೆ. ಹೌದು, ಚರಿತ್ರೆ ಕಣ್ಣೆದುರಿಗೆ ನಡೆಯುವಾಗ ಸ್ವಲ್ಪ ಸುತ್ತಬೇಕಾಗುತ್ತದೆ ಎಂದರು.

ಮುಂದಿನ ಚಳಿಗಾಲದಲ್ಲಿ ಚರಿತ್ರೆ ನೆಲಮಹಡಿಗೆ ಬಂತು. ಮನೆಮನೆಗೂ ಬರುವ ಆನ್‌ಲೈನ್ ಡಬ್ಬಗಳನ್ನು ಗೇಟಿನ ಹತ್ತಿರ ರಾಶಿ ಹಾಕುವುದರ ಬದಲು ವಾಚನಾಲಯವನ್ನೇ ಪಾರ್ಸೆಲ್ ರೂಮ್ ಮಾಡೋಣ ಎಂದು ಆಡಳಿತಾಧಿಕಾರಿ ಸೂಚಿಸಿದರು. ಈ ಸಲ, ಗೇಟಿನ ಗಲಾಟೆಯಿಂದ ಬುದ್ಧಿ ಕಲಿತು, ಸಭೆ ಹೇಳಿದಂತೆ ಕೇಳುತ್ತೇನೆ ಎಂದು ಬರೆದೂ ಕೊಟ್ಟರು. ರಾಯರ ‘ನಮ್ಮ ಸಭೆ’ಗೆ ಒಮ್ಮೆಯೂ ಸಿಗದಿದ್ದ ವರ ಅದು. ರಾಯರು ಆಗ ಉಪ್ಪಿನ ತೆರಿಗೆಯ ಅಧ್ಯಾಯದಲ್ಲಿದ್ದರು. ಕೋಣೆ ಹೋದರೆ ಚರಿತ್ರೆ ಅಲ್ಲಿಗೇ ನಿಲ್ಲುತ್ತದೆ ಎಂಬುದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಸಭೆಯ ಸಂಜೆ ಸಮುದಾಯ ಭವನ ತುಂಬಿತ್ತು. ಆಡಳಿತಾಧಿಕಾರಿ ಅಧ್ಯಕ್ಷತೆ ವಹಿಸಿದ್ದರು. ವಾಚನಾಲಯ ಉಳಿಯಬೇಕು ಎಂಬ ಠರಾವನ್ನು ರಾಯರು ಮಂಡಿಸಿ, ತುಂಬ ಚೆನ್ನಾಗಿ, ಯಾರಿಗೂ ಪೂರ್ತಿ ಅರ್ಥವಾಗದ ಹಿಂದಿಯಲ್ಲಿ ಮಾತಾಡಿದರು. ಒಪ್ಪುವವರು ಹೌದೆನ್ನಿ ಎಂದಾಗ ಛಾವಣಿ ಹಾರುವಂತೆ ಕೂಗು ಎದ್ದಿತು. ಎಲ್ಲರಿಗಿಂತ ಜೋರಾಗಿ ಕೂಗಿದವರು ಎರಡನೇ ಮಹಡಿಯ ಮಲ್ಹೋತ್ರಾ. ಅವರ ಪಿಂಚಣಿ ಅರ್ಜಿಗಳೆಲ್ಲ ರಾಯರ ಅಕ್ಷರದಲ್ಲೇ ಇದ್ದವು. ಬೇಡವೆನ್ನುವವರು ಎಂದಾಗ ಒಬ್ಬರು ಕೆಮ್ಮಿದರು. ಆಡಳಿತಾಧಿಕಾರಿ ಠರಾವು ಅಂಗೀಕಾರವಾಯಿತು ಎನ್ನಲು ಬಾಯಿ ತೆರೆದಿದ್ದರು.

ಆಗ ರಾಯರು ಮತ್ತೆ ಎದ್ದು ಕೋಟಿನ ಗುಂಡಿ ಹಾಕಿದರು. ತಾವು ಡಿವಿಷನ್, ಎಂದರೆ ತಲೆ ಎಣಿಸಿ ಓಟು, ಕೇಳುವುದಾಗಿ ಹೇಳಿದರು.

ಸೋಲುವವರು ಕೇಳುವುದನ್ನು ಗೆದ್ದವರು ಯಾಕೆ ಕೇಳುತ್ತಾರೆ ಎಂದು ಯಾರಿಗೂ ತಿಳಿಯಲಿಲ್ಲ. ಮಲ್ಹೋತ್ರಾ ರಾಯರ ತೋಳು ಹಿಡಿದು, “ಅರೆ ರಾವ್ ಸಾಬ್, ಜೀತ್ ಗಯೇ ನಾ, ಬೈಠ್ ಜಾಯಿಯೇ,” ಎಂದರು. ಗೆದ್ದಾಯಿತು ಎಂದು ಕೂರುವ ಜಾಯಮಾನ ರಾಯರದ್ದಲ್ಲ. ಕೂಗಿನ ಗೆಲುವಿಗೆ ದಾಖಲೆ ಇರುವುದಿಲ್ಲ, ಯಾರು ಯಾವ ಕಡೆ ನಿಂತರೆಂದು ಮುಂದಿನವರಿಗೆ ತಿಳಿಯಬೇಕು ಎಂದು ಅಧ್ಯಕ್ಷರಿಗೆ ವಿವರಿಸಿದರು. ವಿಧಾನವನ್ನೂ ಅವರೇ ಹೇಳಿಕೊಟ್ಟರು. ಹೌದು ಎನ್ನುವವರು ಅಧ್ಯಕ್ಷರ ಬಲಗಡೆಯ ಬಾಗಿಲಿನಿಂದ ಹೊರಗೆ ಹೋಗಬೇಕು, ಬೇಡ ಎನ್ನುವವರು ಎಡಗಡೆಯ ಬಾಗಿಲಿನಿಂದ. ಎರಡೂ ಕಡೆ ಒಬ್ಬೊಬ್ಬರು ನಿಂತು ಎಣಿಸಬೇಕು.

ಭವನಕ್ಕೆ ಎರಡೇ ಬಾಗಿಲು. ಬಲಗಡೆಯದು ಪಾರ್ಕಿಂಗಿನ ಕತ್ತಲೆಗೂ ಡಿಸೆಂಬರಿನ ಹೊಗೆಮಂಜಿಗೂ ತೆರೆಯುತ್ತಿತ್ತು. ಎಡಗಡೆಯದರ ಆಚೆ ಹುಲ್ಲುಹಾಸಿನ ಮೇಲೆ, ಸಭೆ ಮುಗಿದ ಮೇಲಿನ ತಿಂಡಿಗೆಂದು ಕರೆಸಿದ್ದ ಹಲ್ವಾಯಿ ಬಾಣಲೆ ಇಟ್ಟುಕೊಂಡು ಬಿಸಿಬಿಸಿ ಸಮೋಸಾ ಎತ್ತುತ್ತಿದ್ದ. ಪರಿಮಳ ಆಗಲೇ ಒಳಗೆ ಬಂದು ಒಂದು ಸುತ್ತು ಪ್ರಚಾರ ಮಾಡಿಕೊಂಡು ಹೋಗಿತ್ತು.

ನಾನು ಅವರ ಕಿವಿಯ ಹತ್ತಿರ ಬಾಗಿ, ಬಾಗಿಲು ಅದಲು ಬದಲು ಮಾಡಿ ರಾಯರೇ, ಜನ ಸಮೋಸಾ ಇರುವ ಕಡೆ ಹೋಗುತ್ತಾರೆ ಎಂದೆ. ಅವರು ನನ್ನನ್ನು ಕನಿಕರದಿಂದ ನೋಡಿದರು.

“ಬಲ ಅಂದರೆ ಹೌದು, ಎಡ ಅಂದರೆ ಇಲ್ಲ. ಸಮೋಸಾಕ್ಕೋಸ್ಕರ ಸಭೆಯ ನಿಯಮ ತಿರುಗಿಸೋಕಾಗಲ್ಲ ಸ್ವಾಮಿ.”

ಹಿಂದಿಯಲ್ಲಿ ಮತ್ತೊಮ್ಮೆ ವಿವರಿಸಲಾಯಿತು. ಅಷ್ಟರಲ್ಲಿ ಹಿಂದಿನ ಸಾಲಿನವರಿಗೆ ಕೇಳಿಸಿದ್ದು ಸಭೆ ಮುಗಿಯಿತು, ಹೊರಗೆ ಹೋಗಿ ಎಂಬಷ್ಟೇ. ಜನ ಎದ್ದರು. ಬಲಗಡೆಯ ಬಾಗಿಲಿನಿಂದ ರಾಯರು ಹೋದರು, ಜಾನಕಮ್ಮನವರು ಶಾಲು ಹೊದ್ದು ಹೋದರು, ಮಗಳು ಅಳಿಯ ಹೋದರು, ನಾನು ಹೋದೆ, ಸಕ್ಕರೆ ಕಾಯಿಲೆಯವರು ಕೆಲವರು ಹೋದರು. ಸೊಸೈಟಿಯ ಉಳಿದ ಭಾಗ, ಮಲ್ಹೋತ್ರಾರ ನೇತೃತ್ವದಲ್ಲಿ, ಎಡಗಡೆಯ ಬಾಗಿಲಿನಿಂದ ಸಾಗಿತು. ಎಣಿಸುವವರು ಎಣಿಸಿದರು. ಆಡಳಿತಾಧಿಕಾರಿ ಅಂಕಿಗಳನ್ನು ಎರಡು ಸಲ ನೋಡಿ, ಕನ್ನಡಕ ತೆಗೆದು ಒರೆಸಿ, ಠರಾವು ಬಿದ್ದುಹೋಯಿತು ಎಂದು ಸಾರಿದರು. ರಾಯರು ಬಾಗಿಲಲ್ಲಿ ನಿಂತು ಅಧ್ಯಕ್ಷಪೀಠಕ್ಕೆ ತಲೆಬಾಗಿದರು.

ಮಾರನೆಯ ಬೆಳಿಗ್ಗೆ ಮಲ್ಹೋತ್ರಾ ರಾಯರ ಮನೆಗೆ ಓಡಿಬಂದರು. ಬಾಗಿಲಿಗೂ ಓಟಿಗೂ ಸಂಬಂಧ ಇದೆಯೆಂದು ತನಗೆ ತಿಳಿಯಲಿಲ್ಲ, ಇಡೀ ಬ್ಲಾಕು ನಾಚಿಕೆಪಡುತ್ತಿದೆ ಎಂದು ಕಣ್ಣು ಒದ್ದೆ ಮಾಡಿಕೊಂಡರು. ಅವರ ಬೆನ್ನಿಗೇ ಆಡಳಿತಾಧಿಕಾರಿಯ ಫೋನು ಬಂತು. ಭಾನುವಾರ ಇನ್ನೊಮ್ಮೆ ಸಭೆ ಕರೆಯುತ್ತೇನೆ, ಕೈ ಎತ್ತಿಸಿದರೆ ಸಾಕು, ಮುಗಿಸಿಬಿಡೋಣ ಎಂದು ಅವರಾಗಿಯೇ ಹೇಳಿದರು. ನಾನೂ ಅಲ್ಲೇ ಕೂತಿದ್ದೆ. ಕೋಣೆ ಉಳಿಯುವುದಕ್ಕೆ ರಾಯರು ಹೂಂ ಎನ್ನುವುದೊಂದೇ ಬಾಕಿ.

ರಾಯರು ಎದ್ದು ನಿಂತು ಫೋನಿಗೆ ಉತ್ತರ ಕೊಟ್ಟರು. ಒಮ್ಮೆ ತೀರ್ಮಾನವಾದ ಪ್ರಶ್ನೆಯನ್ನು ಅದೇ ಅಧಿವೇಶನದಲ್ಲಿ ಮತ್ತೆ ಎತ್ತುವಂತಿಲ್ಲ, ತಮ್ಮ ಔದಾರ್ಯಕ್ಕೆ ಋಣಿ ಎಂದು ಇಟ್ಟುಬಿಟ್ಟರು.

ಜಾನಕಮ್ಮನವರು ನನ್ನ ಕಡೆ ತಿರುಗಿದರು. ಆ ದಿನ ಅವರ ದನಿಯಲ್ಲಿ ತಮಾಷೆ ಇರಲಿಲ್ಲ.

“ಸಭಾಧ್ಯಕ್ಷರೇ, ಇವರನ್ನ ಕೇಳಿ. ಇಷ್ಟು ವರ್ಷ ಬರೆದಿದ್ದು ಏನಾಗಬೇಕು ಅಂತ ಕೇಳಿ. ನಿಯಮ ಉಳೀತು. ಇವರು ಎಲ್ಲಿ ಕೂತು ಬರೀತಾರೆ?”

“ಸಭಾಧ್ಯಕ್ಷರೇ,” ಎಂದರು ರಾಯರು, “ನಮ್ಮ ಸಭೆ ಗೆದ್ದು ಸೋಲ್ತಿತ್ತು. ಸೋಲಿಸೋಕೆ ಒಬ್ಬ ವೈಸರಾಯ್ ಬೇಕಾಗಿದ್ದ. ನಾವು ಯಾರ ಸಹಾಯವೂ ಇಲ್ಲದೆ ನಾವೇ ಸೋತಿದ್ದೀವಿ. ಇದನ್ನೇ ಸ್ವರಾಜ್ಯ ಅನ್ನೋದು ಅಂತ ಮಾನ್ಯ ಸದಸ್ಯೆಯವರಿಗೆ ತಿಳಿಸಿ.”

ನಾನು ತಿಳಿಸಲಿಲ್ಲ. ಮಲ್ಹೋತ್ರಾಗೆ ಕನ್ನಡ ಬಾರದಿದ್ದರೂ ತಲೆ ತಗ್ಗಿಸಿದರು.

ಪುಸ್ತಕಗಳು ರಟ್ಟಿನ ಪೆಟ್ಟಿಗೆಗಳಲ್ಲಿ ಮೇಲೆ ಬಂದವು. ಕೆಲವು ಮಂಚದ ಕೆಳಗೆ, ಕೆಲವು ಬಾಲ್ಕನಿಯಲ್ಲಿ ವಾಷಿಂಗ್ ಮೆಷಿನ್ನಿನ ಪಕ್ಕ. ಬೇಕಾದ ಸಂಪುಟ ಯಾವಾಗಲೂ ತಳದ ಪೆಟ್ಟಿಗೆಯಲ್ಲೇ ಇರುತ್ತಿತ್ತು. ಮೊದಮೊದಲು ರಾಯರು ಡೈನಿಂಗ್ ಟೇಬಲ್ಲಿನ ತುದಿಯಲ್ಲಿ ಪ್ರಯತ್ನಿಸಿದರು. ಮೊಮ್ಮಗಳು ಹೋಮ್‌ವರ್ಕ್ ಹರಡಿಕೊಂಡು, “ತಾತಾ, ಥೋಡಾ ಸರಕೋ ನಾ, ಜಾಗ ಬೇಕು,” ಎನ್ನುತ್ತಿದ್ದಳು. ತಾತ ಸರಿಯುತ್ತಿದ್ದರು. ಉಪ್ಪಿನ ತೆರಿಗೆಯ ಅಧ್ಯಾಯ ನಿಂತಲ್ಲಿಂದ ಒಂದು ಸಾಲೂ ಮುಂದೆ ಹೋಗಲಿಲ್ಲ. ಯಾರಾದರೂ ಕೇಳಿದರೆ, ಸದ್ಯಕ್ಕೆ ಮುಂದೂಡಲಾಗಿದೆ ಎನ್ನುತ್ತಿದ್ದರು. ಮುಂದಿನ ದಿನಾಂಕ ಹೇಳುತ್ತಿರಲಿಲ್ಲ.

ಮರುವರ್ಷದ ಹೊಗೆ ಅವರ ಎದೆಗೆ ಇಳಿಯಿತು. ಆಸ್ಪತ್ರೆಯವರು ಮನೆಗೆ ಕಳಿಸಿದ ಮೇಲೆ ನೋಡಲು ಹೋದೆ. ದಿಂಬಿಗೆ ಒರಗಿಸಿದ್ದರು. ಕೊರಳಲ್ಲಿ ಮಫ್ಲರು. ಜಾನಕಮ್ಮನವರು ಗಂಜಿ ಕುಡಿಸುತ್ತಿದ್ದರು. ನಾನು ಎಂದಿನಂತೆ ಇಬ್ಬರಿಗೂ ನಡುವಿನ ಕುರ್ಚಿಯಲ್ಲಿ ಕೂತು, ಮಾತು ಬಂದರೆ ಸ್ವೀಕರಿಸಲು ಮುಖ ಸಿದ್ಧ ಮಾಡಿಕೊಂಡೆ. ರಾಯರು ನನ್ನ ಕಡೆ ನೋಡಲೇ ಇಲ್ಲ.

“ಜಾನಕಿ,” ಎಂದರು, “ಉಪ್ಪು ಸರಿಯಾಗಿದೆ ಕಣೇ.”

ಅವರು ಹೆಂಡತಿಯನ್ನು ಹೆಸರು ಹಿಡಿದು ಕರೆದದ್ದನ್ನು ಅದುವರೆಗೆ ನಾನು ಕೇಳಿರಲಿಲ್ಲ. ಜಾನಕಮ್ಮನವರು ಚಮಚ ಬಟ್ಟಲಿನಲ್ಲಿಟ್ಟು ಒಂದು ಗಳಿಗೆ ಗೋಡೆಯ ಕಡೆ ನೋಡಿದರು, ಆಮೇಲೆ ಮತ್ತೆ ಚಮಚ ಎತ್ತಿಕೊಂಡರು. ಗಂಜಿಗೆ ಅವರು ಉಪ್ಪೇ ಹಾಕಿರಲಿಲ್ಲ ಎಂದು ನನಗೆ ಆಮೇಲೆ ಹೇಳಿದರು. ನಾನು ಕುರ್ಚಿಯಿಂದ ಎದ್ದು ಬಂದೆ. ಅಲ್ಲಿ ಅಧ್ಯಕ್ಷನಿಗೆ ಇನ್ನು ಕೆಲಸವಿರಲಿಲ್ಲ.

ಆ ವಾರವೇ ರಾಯರು ಹೋದರು. ಸಂತಾಪ ಸೂಚಿಸಲು ಸೊಸೈಟಿ ಸಭೆ ಸೇರಿ ಎರಡು ನಿಮಿಷ ಎದ್ದು ನಿಂತಿತು. ಯಾವ ಬಾಗಿಲಿನಿಂದ ಹೊರಗೆ ಹೋಗಬೇಕೆಂದು ಯಾರಿಗೂ ಧೈರ್ಯವಾಗದೆ ಸ್ವಲ್ಪ ಹೊತ್ತು ಎಲ್ಲರೂ ಅಲ್ಲೇ ನಿಂತಿದ್ದರು.

ಬೇಸಿಗೆಯಲ್ಲಿ ಮಗಳು, ಅಳಿಯ ಮತ್ತೆ ಘಾಜಿಯಾಬಾದಿಗೆ ಹೊರಟರು, ಜಾನಕಮ್ಮನವರನ್ನೂ ಕರೆದುಕೊಂಡು. ಪುಸ್ತಕಗಳನ್ನೂ ಬರೆದಿಟ್ಟ ಅಧ್ಯಾಯಗಳನ್ನೂ ಒಂದು ಕನ್ನಡ ಸಂಘದವರು ಬಂದು ಒಯ್ಯುತ್ತೇವೆ ಎಂದಿದ್ದರು. ಫ್ಲ್ಯಾಟು ಖಾಲಿ ಮಾಡುವ ದಿನ ಅವರ ಗಾಡಿ ಬರಲಿಲ್ಲ. ಬರುವವರೆಗೆ ಇರಲಿ ಎಂದು ಅಳಿಯ ಪೆಟ್ಟಿಗೆಗಳನ್ನು ಕೆಳಗಿಳಿಸಿ ಪಾರ್ಸೆಲ್ ರೂಮಿನಲ್ಲಿಟ್ಟ, ಹೆಚ್ಚು ಕಡಿಮೆ ಅವು ಮೊದಲಿದ್ದ ಮೂಲೆಯಲ್ಲೇ. ನಾನು ಆಗ ಮೈಸೂರಿನಲ್ಲಿ ತಂಗಿಯ ಮನೆಯಲ್ಲಿದ್ದೆ. ಯಾರೂ ಒಯ್ಯದ ಪಾರ್ಸೆಲ್ಲುಗಳನ್ನು ತಿಂಗಳ ಕೊನೆಗೆ ತೆರವು ಮಾಡತಕ್ಕದ್ದು ಎಂದು ಜನರಲ್ ಬಾಡಿ ಅಷ್ಟರಲ್ಲಿ ಒಂದು ಠರಾವು ಮಾಡಿತ್ತು. ಆಡಳಿತಾಧಿಕಾರಿ ಸಭೆಯ ಮಾತನ್ನು ನಡೆಸಿಕೊಟ್ಟರು.

ಪೆಟ್ಟಿಗೆಗಳು ರದ್ದಿ ಕೊಳ್ಳುವ ಕಬಾಡಿಯವನಿಗೆ ಹೋದವು.